ರೀಜನ್ ಮುಗಿದ ಮೇಲೂ ಡಿಪಿಎಫ್ ದೀಪ ಮತ್ತೆ ಬರುತ್ತಿದ್ದರೆ

ಡಿಪಿಎಫ್ ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಅದರಲ್ಲಿ ತುಂಬಿದ ಮಸಿಯನ್ನು ಬಿಸಿಯಿಂದ ಸುಡುವುದೇ ರೀಜನ್. ಹೆಚ್ಚಾಗಿ ನಿಮ್ಮದು ಅರ್ಧಕ್ಕೆ ನಿಂತ ರೀಜನ್. ನಿಮ್ಮ ಬಿಎಸ್6 ಟಿಪ್ಪರ್ ಊರೊಳಗೇ ಸಣ್ಣ ಸಣ್ಣ ಟ್ರಿಪ್ ಹೊಡೆಯುತ್ತದೆ, ರೀಜನ್ ಆದ ಮೇಲೂ ದೀಪ ಮತ್ತೆ ಬರುತ್ತದೆ ಅಂದಿರಿ. ಮಸಿ ಚೆನ್ನಾಗಿ ಸುಡಲು ಫಿಲ್ಟರ್ 550–600 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಬೇಕು. ಅಷ್ಟರಲ್ಲಿ ಲೋಡ್ ಇಳಿಸಲು ಎಂಜಿನ್ ಆಫ್ ಮಾಡುತ್ತೀರಿ, ಅಲ್ವಾ?

ಮೊದಲು ಫಿಲ್ಟರ್ ಒತ್ತಡ ಅಳೆಯುವ ಪ್ರೆಶರ್ ಸೆನ್ಸರ್‌ನ ಎರಡು ಸಣ್ಣ ಪೈಪ್ ನೋಡಿ. ಸೀಳಿದ್ದರೆ, ಕಟ್ಟಿಕೊಂಡಿದ್ದರೆ ರೀಡಿಂಗೇ ತಪ್ಪು ಬರುತ್ತದೆ. ಸುಮ್ನೆ ಫಿಲ್ಟರ್ ಬಿಚ್ಚಿಸಬೇಡಿ.

ಪೈಪ್ ಸರಿಯಿದ್ದರೆ, ಕೆಳಗೆ ಒಣಹುಲ್ಲು, ಕಸ ಇಲ್ಲದ ಬಯಲಲ್ಲಿ ನಿಲ್ಲಿಸಿ ರೀಜನ್ ಕೊಡಿ. ಅರ್ಧ ಗಂಟೆ ಮೀರಬಹುದು. ಅದೇ ಮುಗಿಯುವ ತನಕ ಕೀ ಮುಟ್ಟಬೇಡಿ. ದೀಪ ಮಿನುಗುತ್ತಾ ಪವರ್ ಕಡಿಮೆಯಾಗಿದ್ದರೆ ಮಾತ್ರ ನೀವೇ ಮಾಡಬೇಡಿ, ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಇರುವವರ ಹತ್ತಿರ ಹೋಗಿ.

ರೀಜನ್ ಆದ ತಕ್ಷಣ ಸ್ಕ್ಯಾನರ್‌ನಲ್ಲಿ ಫಿಲ್ಟರ್‌ನ ಹಿಂದೆ ಮುಂದಿನ ಒತ್ತಡದ ವ್ಯತ್ಯಾಸ ಓದಿಸಿ. ಮುಖ್ಯವಾದದ್ದು ಇದೇ. ಇಳಿದು ಬೇಗ ಮತ್ತೆ ಏರಿದರೆ ಮಸಿ ಜಾಸ್ತಿ ಬರುತ್ತಿದೆ: ಇಂಜೆಕ್ಟರ್, ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ ಒಳಗೆ ಕಳಿಸುವ ವಾಲ್ವ್), ಟರ್ಬೊ ಆಯಿಲ್ ಸೋರಿಕೆ ನೋಡಿಸಿ. ಮೂರರಲ್ಲಿ ಯಾವುದು ಅಂತ ನೋಡದೆ ಹೇಳಲಾಗದು. ಇಳಿಯದೇ ಇದ್ದರೆ ಒಳಗೆ ಬೂದಿ ತುಂಬಿರಬಹುದು. ಎಂಜಿನ್ ಆಯಿಲ್‌ನ ಬೂದಿ ಎಷ್ಟು ಬಿಸಿ ಮಾಡಿದರೂ ಸುಡುವುದಿಲ್ಲ. ಫಿಲ್ಟರ್ ಬಿಚ್ಚಿ ಮೆಷಿನ್‌ನಲ್ಲೇ ಕ್ಲೀನ್ ಮಾಡಿಸಿ. ವಾಟರ್ ಸರ್ವಿಸ್‌ನವರ ಕೈಗೆ ಕೊಡಬೇಡಿ, ಒಳಗಿನ ಸೆರಾಮಿಕ್ ಹಾಳಾಗಬಹುದು. ಮುಂದಿನ ಆಯಿಲ್ ಬದಲಾವಣೆಗೆ ಮ್ಯಾನ್ಯುಯಲ್‌ನಲ್ಲಿ ಹೇಳಿರುವ ಕಡಿಮೆ ಬೂದಿಯ ಆಯಿಲ್ಲೇ ಹಾಕಿಸಿ.