ಅವ್ವನ ಸೊಂಟನೋವು: ಮಲಗಿಸಬೇಡಿ ಸರ

ಸರ, ಇಳಕಲ್‌ನಲ್ಲಿ ಸೀರೆ ನೇಯುವ ನಿಮ್ಮ ಅವ್ವಗೆ ಸೊಂಟನೋವು, ಎಂಆರ್‌ಐ ಸ್ಕ್ಯಾನ್‌ನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತನೆಯ ಬಿಲ್ಲೆ) ಉಬ್ಬಿದೆ ಅಂತ ಬಂದಿದೆ, ತಿಂಗಳು ಪೂರ್ತಿ ಮಲಗಿಸಬೇಕಾ ಅಂತ ಕೇಳಿದ್ದೀರಿ. ಬೇಡ. ನೋವೇ ಇಲ್ಲದ 50 ವರ್ಷದವರನ್ನು ಸ್ಕ್ಯಾನ್ ಮಾಡಿದರೂ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ಸುಮ್ನೆ ರಿಪೋರ್ಟ್ ಹಿಡಿದು ಹೆದರಬೇಡಿ.

ತೀರಾ ನೋವಿದ್ದರೆ ಒಂದೆರಡು ದಿನ ಮಲಗಲಿ, ಆಮೇಲೆ ಮನೆಯಲ್ಲೇ ಮೆಲ್ಲಗೆ ಓಡಾಡಲಿ. ನಮ್ಮ ಚಿಗವ್ವನೂ ನೇಯುತ್ತಾಳೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸೆರಗಿನ ಎಳೆ ಜೋಡಿಸಿ ಮುಗಿಯುವ ತನಕ ಏಳುತ್ತಿರಲಿಲ್ಲ. ಈಗ ಅರ್ಧ ಗಂಟೆಗೊಮ್ಮೆ ಮೊಬೈಲ್ ಹೊಡೆದುಕೊಳ್ಳುತ್ತದೆ, ಅದಕ್ಕೆ ಬೈಯುತ್ತಲೇ ಎದ್ದು ಅಂಗಳದವರೆಗೆ ಹೋಗಿ ಬರುತ್ತಾಳೆ. ನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತದೆ.

ಅಂಗಡಿಯಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಗುಳಿಗೆ ತಂದು ದಿನಾ ನುಂಗಿಸಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ಬಿಪಿ, ಸಕ್ಕರೆ ಕಾಯಿಲೆ ಇದ್ದರಂತೂ ಡಾಕ್ಟರನ್ನು ಕೇಳದೆ ಕೊಡಲೇಬೇಡಿ.

ಒಂದು ಮಾತ್ರ ನೆನಪಿಡಿ. ಕಾಲಲ್ಲಿ ಶಕ್ತಿ ಕಡಿಮೆಯಾದರೆ, ಕುಂಡೆ, ತೊಡೆಸಂದಿಯ ಜಾಗ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಗಾಡಿ ಮಾಡಿಕೊಂಡು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಹೊರಡಿ.