ಹುಟ್ಟದ ಮಕ್ಕಳ ಪರವಾಗಿ ಕೇಸು ನಿಲ್ಲುತ್ತದೆಯೇ?

ಕಪ್ಪತಗುಡ್ಡದ ಮಗ್ಗಲಿನ ಕ್ವಾರಿಗೆ ಪರಿಸರ ಅನುಮತಿ ಸಿಕ್ಕಿದೆ, ಮುಂದಿನ ಪೀಳಿಗೆಯ ಹಕ್ಕು ಅಂತ ಅಂತರರಾಷ್ಟ್ರೀಯ ಕಾನೂನು ಹಿಡಿದು ಪ್ರಶ್ನಿಸಬಹುದಾ ಅಂತ ಮುಂಡರಗಿಯಿಂದ ಕೇಳಿದ್ದೀರಿ. ಪ್ರಶ್ನಿಸಬಹುದು ರೀ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ.

1992ರ ರಿಯೋ ಘೋಷಣೆಯ (ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದ್ದು) 3ನೇ ತತ್ವ, ಅಭಿವೃದ್ಧಿಯಲ್ಲಿ ಮುಂದಿನ ಪೀಳಿಗೆಯ ಅಗತ್ಯವನ್ನೂ ನೋಡಬೇಕು ಎನ್ನುತ್ತದೆ. ಆದರೆ ಅದು ಘೋಷಣೆ, ದೇಶಗಳನ್ನು ಕಟ್ಟಿಹಾಕುವ ಒಪ್ಪಂದವಲ್ಲ. ಎಲ್ಲರೂ ಎತ್ತಿ ಹೇಳುವ 1993ರ ಒಪೋಸಾ ತೀರ್ಪು (ಹುಟ್ಟದವರ ಪರವಾಗಿಯೂ ಮಕ್ಕಳು ದಾವೆ ಹೂಡಬಹುದು ಎಂದದ್ದು) ಫಿಲಿಪ್ಪೀನ್ಸ್ ಕೋರ್ಟಿನದು, ನಮ್ಮ ಕೋರ್ಟುಗಳು ಪಾಲಿಸಲೇಬೇಕೆಂದಿಲ್ಲ. ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು ನಮ್ಮ ಸುಪ್ರೀಂ ಕೋರ್ಟಿನ 2014ರ ಗೋವಾ ಫೌಂಡೇಶನ್ ತೀರ್ಪು: ಗೋವಾದ ಕಬ್ಬಿಣದ ಅದಿರು ಮಾರಿದ ಹಣದಲ್ಲಿ ಶೇ 10 ಮುಂದಿನ ಪೀಳಿಗೆಗಾಗಿಯೂ ಇಡುವ ಶಾಶ್ವತ ನಿಧಿಗೆ, ಅಗೆತಕ್ಕೆ ವರ್ಷಕ್ಕೆ 2 ಕೋಟಿ ಟನ್ ಮಿತಿ.

ಜನ ಎಡವುವುದು ಎರಡು ಕಡೆ. ಹಸಿರು ನ್ಯಾಯಮಂಡಳಿ ಕಾಯ್ದೆಯ 20ನೇ ಕಲಂನಲ್ಲಿ (ಮಂಡಳಿ ಯಾವ ತತ್ವಗಳ ಮೇಲೆ ತೀರ್ಪು ಕೊಡಬೇಕು ಎನ್ನುವುದು) ಪೀಳಿಗೆಗಳ ನ್ಯಾಯದ, ಅಂದರೆ ಮುಂದಿನವರ ಪಾಲನ್ನೂ ಉಳಿಸಬೇಕೆಂಬ ತತ್ವದ, ಹೆಸರೇ ಇಲ್ಲ. ಅಲ್ಲಿರುವ ‘ಸುಸ್ಥಿರ ಅಭಿವೃದ್ಧಿ’ಯ ಅಡಿಯಲ್ಲೇ ಅದನ್ನು ತರಬೇಕು. ಇನ್ನೊಂದು ದಿನಗಳ ಲೆಕ್ಕ. ಅನುಮತಿ ಆದೇಶ ತಿಳಿದ 30 ದಿನದೊಳಗೆ ಆ ಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಹೋಗಬೇಕು, ಸಕಾರಣವಿದ್ದರೆ ಮತ್ತೆ 60 ದಿನ, ಅಷ್ಟೇ.

2019ರ ಕಪ್ಪತಗುಡ್ಡ ವನ್ಯಜೀವಿಧಾಮದ ಅಧಿಸೂಚನೆ, ಕ್ವಾರಿಯ ಸರ್ವೆ ನಂಬರ್, ಧಾಮದ ಗಡಿಯಿಂದ ಎಷ್ಟು ದೂರ ಎಂಬ ನಕ್ಷೆ ಲಗತ್ತಿಸಿ. ಮೊಮ್ಮಕ್ಕಳ ಬಗ್ಗೆ ಹತ್ತು ಪುಟ ಬರೆದು ಸರ್ವೆ ನಂಬರೇ ಬಿಟ್ಟರೆ ವಾದಕ್ಕೆ ಕಾಲೇ ಇರುವುದಿಲ್ಲ.