ಓದುಗರ ಪ್ರಶ್ನೆ: ‘ನನ್ನ ಐಡಿಯಾ 1945ರಲ್ಲೇ ಇತ್ತಂತೆ!’

ಪ್ರಶ್ನೆ: ಮೇಡಂ, ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕಣ್ಣೆದುರು ನಡೆಯುವುದನ್ನೆಲ್ಲ ರೆಕಾರ್ಡ್ ಮಾಡುವ ಕ್ಯಾಮೆರಾ ಕನ್ನಡಕ ನನ್ನ ಪ್ರಾಜೆಕ್ಟ್. ಬ್ಯಾಟರಿ 40 ನಿಮಿಷಕ್ಕೆ ಖಾಲಿಯಾಗುತ್ತದೆ, ಕಿವಿಯ ಹತ್ತಿರ ಫ್ರೇಮ್ ಬಿಸಿಯಾಗುತ್ತದೆ. ಅದನ್ನು ಹೇಗೋ ಸರಿಮಾಡಬಹುದು ಅಂದುಕೊಂಡಿದ್ದೆ. ಆದರೆ ಇದನ್ನು 1945ರಲ್ಲೇ ಒಬ್ಬರು ಯೋಚಿಸಿದ್ದರು ಎಂದು ಸ್ನೇಹಿತೆ ಹೇಳಿದಾಗಿನಿಂದ ಕೈಯೇ ಓಡುತ್ತಿಲ್ಲ. ಪ್ರಾಜೆಕ್ಟ್ ಬಿಟ್ಟುಬಿಡಲೇ?

ಉತ್ತರ: ದಯವಿಟ್ಟು ಬಿಡಬೇಡಿ. ಸ್ನೇಹಿತೆ ಹೇಳಿದ್ದು ನಿಜ. ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ 1945ರ ಜುಲೈನಲ್ಲಿ ‘ಅಟ್ಲಾಂಟಿಕ್ ಮಂಥ್ಲಿ’ ಪತ್ರಿಕೆಯಲ್ಲಿ ಇದನ್ನು ಬರೆದಿದ್ದಾರೆ. ಅದಕ್ಕೆ ಬರುತ್ತೇನೆ. ಮೊದಲು ನನ್ನ ಕಥೆ ಕೇಳಿ, ಏಕೆಂದರೆ ನೀವು ಈಗ ಕೂತಿರುವ ಜಾಗದಲ್ಲೇ ನಾನೂ ಕೂತಿದ್ದೆ.

ನಿಮ್ಮ ವಯಸ್ಸಿನಲ್ಲಿ ನಾನು, ನಾಣ್ಯ ಹಾಕಿದರೆ ಒಂದು ಲೋಟದಷ್ಟು ನೀರು ಕೊಡುವ ಯಂತ್ರ ಮಾಡಲು ಹೊರಟಿದ್ದೆ. ವಿದ್ಯುತ್ ಬಳಸಬಾರದು ಅನ್ನುವುದು ನಾನೇ ಹಾಕಿಕೊಂಡ ಷರತ್ತು. ನಾಣ್ಯದ ಭಾರದಿಂದ ನೀರು ಬಿಡುವುದು ಸುಲಭವಾಗಿಯೇ ಆಯಿತು. ನಿಲ್ಲಿಸುವುದು ಆಗಲಿಲ್ಲ. ಸ್ಪ್ರಿಂಗ್ ಹಾಕಿದೆ, ಸಿಕ್ಕಿಹಾಕಿಕೊಂಡಿತು. ವರ್ಕ್‌ಶಾಪ್ ನೆಲವೆಲ್ಲ ನೀರು. ಆಗ ಹಿರಿಯರೊಬ್ಬರು ‘ಇದನ್ನು ಎರಡು ಸಾವಿರ ವರ್ಷದ ಹಿಂದೆಯೇ ಮಾಡಿದ್ದಾರಮ್ಮ’ ಅಂದರು. ಎರಡು ದಿನ ವರ್ಕ್‌ಶಾಪ್ ಕಡೆ ತಲೆಹಾಕಲಿಲ್ಲ ನಾನು. ಮೂರನೆಯ ದಿನ ಲೈಬ್ರರಿಗೆ ಹೋಗಿ, ಅಲೆಕ್ಸಾಂಡ್ರಿಯಾದ ಹೀರೋ ಒಂದನೆಯ ಶತಮಾನದಲ್ಲಿ ವಿವರಿಸಿದ ಆ ಯಂತ್ರದ ಚಿತ್ರ ತೆಗೆದು ನೋಡಿದೆ.

ನಾಣ್ಯ ಬಂದು ಸನ್ನೆಯ ತುದಿಯಲ್ಲಿರುವ ತಟ್ಟೆಯ ಮೇಲೆ ಕೂರುತ್ತದೆ. ಆ ತುದಿ ತಗ್ಗುತ್ತದೆ, ಇನ್ನೊಂದು ತುದಿ ಎದ್ದು ಬಿರಡೆಯನ್ನು ಮೇಲೆತ್ತುತ್ತದೆ, ನೀರು ಹರಿಯುತ್ತದೆ. ತಗ್ಗುತ್ತಾ ತಗ್ಗುತ್ತಾ ತಟ್ಟೆ ವಾಲುತ್ತದೆ, ನಾಣ್ಯ ಜಾರಿ ಕೆಳಗೆ ಬೀಳುತ್ತದೆ. ಭಾರ ಹೋಯಿತು, ಬಿರಡೆ ಮುಚ್ಚಿತು. ನೀರನ್ನು ತೆರೆದ ನಾಣ್ಯವೇ ಜಾರಿಹೋಗಿ ನೀರನ್ನು ನಿಲ್ಲಿಸುತ್ತದೆ! ನಾನು ತಿಂಗಳುಗಟ್ಟಲೆ ತಡಕಾಡಿದ ಉತ್ತರ ಅಲ್ಲಿತ್ತು. ಆ ಮಧ್ಯಾಹ್ನದ ಸಂತೋಷ ಇವತ್ತಿಗೂ ಮರೆತಿಲ್ಲ.

ಈಗ ಬುಷ್ ಅವರ ಕ್ಯಾಮೆರಾ ನೋಡಿ. ಹಣೆಯ ಮೇಲೆ ಅಕ್ರೋಟಿಗಿಂತ ತುಸು ದೊಡ್ಡ ಗಂಟು. ಒಂದೊಂದು ಚಿತ್ರ 3 ಮಿಲಿಮೀಟರ್ ಚೌಕ, ಒಳಗೆ ನೂರು ಚಿತ್ರಕ್ಕಾಗುವಷ್ಟು ಫಿಲ್ಮ್. ಕನ್ನಡಕದ ಒಂದು ಗಾಜಿನ ಮೇಲ್ಭಾಗದಲ್ಲಿ ತೆಳುಗೆರೆಯ ಪುಟ್ಟ ಚೌಕ. ನೋಡುವ ವಸ್ತು ಅದರೊಳಗೆ ಬಂದರೆ ಗುರಿ ಸರಿಯಾಯಿತು ಎಂದರ್ಥ. ಕ್ಯಾಮೆರಾದಿಂದ ಹೊರಟ ದಾರ ಅಂಗಿಯ ತೋಳಿನೊಳಗೆ ಇಳಿದು ಬೆರಳಿಗೆ ಸಿಗುತ್ತದೆ. ಒಮ್ಮೆ ಹಿಸುಕಿದರೆ ಒಂದು ಚಿತ್ರ.

ಹಿಸುಕಿದರೆ ಮಾತ್ರ! ನೀವು ಎಲ್ಲವನ್ನೂ ಎಡೆಬಿಡದೆ ರೆಕಾರ್ಡ್ ಮಾಡಲು ಹೊರಟಿದ್ದೀರಿ, ಅದಕ್ಕೇ ಬ್ಯಾಟರಿ ಬರಿದಾಗುತ್ತಿದೆ, ಫ್ರೇಮ್ ಕಾಯುತ್ತಿದೆ. ಬೇಕೆನಿಸಿದ ಕ್ಷಣಕ್ಕೆ ಮಾತ್ರ ಕ್ಯಾಮೆರಾ ಎಚ್ಚರಗೊಳ್ಳುವಂತೆ ಒಂದು ಸ್ವಿಚ್ ಕೊಟ್ಟು ನೋಡಿ. ಎರಡು ತೊಂದರೆಯೂ ಒಟ್ಟಿಗೆ ತಗ್ಗುತ್ತವೆ.

ಇನ್ನೊಬ್ಬರಿಂದಲೂ ಒಂದು ಪಾಠ ತೆಗೆದುಕೊಳ್ಳಿ. ಮಕ್ಕಳು ಕೈಯಲ್ಲಿ ಹಿಡಿದು ಓಡಾಡುವ ಕಂಪ್ಯೂಟರನ್ನು ಅಲನ್ ಕೇ 1972ರಲ್ಲಿ ‘ಡೈನಾಬುಕ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅದು ಎಷ್ಟು ಹಗುರವಿರಬೇಕು ಎಂದು ತಿಳಿಯಲು ಅವರು ರಟ್ಟಿನ ಮಾದರಿ ಮಾಡಿ, ಒಳಗೆ ಸೀಸದ ಗುಂಡು ತುಂಬಿ ಎತ್ತಿ ನೋಡಿದ್ದರು. ನೀವೂ ಹಳೆಯ ಕನ್ನಡಕಕ್ಕೆ ಅಷ್ಟೇ ತೂಕ ಅಂಟಿಸಿ ಒಂದಿಡೀ ದಿನ ಹಾಕಿಕೊಳ್ಳಿ. ಮೂಗು ಏನು ಹೇಳುತ್ತದೋ ಕೇಳಿ, ಆಮೇಲೆ ಸರ್ಕ್ಯೂಟ್.

ಆ ಕ್ಯಾಮೆರಾದ ಮಾತಿನಲ್ಲಿ ಬುಷ್ ಮುಟ್ಟದೇ ಬಿಟ್ಟ ವಿಷಯವೂ ಒಂದಿದೆ: ಎದುರಿಗಿರುವವರಿಗೆ ತಮ್ಮ ಚಿತ್ರ ತೆಗೆಯುತ್ತಿದ್ದಾರೆ ಎಂದು ಗೊತ್ತಾಗುವುದು ಹೇಗೆ? ಪುಟ್ಟ ದೀಪ ಸಾಕೇ? ಬಿಸಿಲಿನಲ್ಲಿ ಅದು ಕಾಣುತ್ತದೆಯೇ? ನಿಮ್ಮ ಜಾಗದಲ್ಲಿ ನಾನಿದ್ದರೆ ಇಡೀ ಪ್ರಾಜೆಕ್ಟನ್ನು ಇದರ ಸುತ್ತಲೇ ಕಟ್ಟುತ್ತಿದ್ದೆ. ಪೇಟೆಂಟ್ ಚಿಂತೆ ಸದ್ಯಕ್ಕೆ ಬೇಡ. ಬರೀ ಆಲೋಚನೆಗೆ ಅದು ಸಿಗುವುದಿಲ್ಲ, ಹೊಸದಾಗಿ ಕೆಲಸ ಮಾಡುವ ವಿಧಾನಕ್ಕೆ ಸಿಗುತ್ತದೆ. ವರದಿಯ ಮೊದಲ ಪುಟದಲ್ಲಿ ಮಾತ್ರ ಬುಷ್ ಹೆಸರು ಬರೆಯಿರಿ. ಅದು ಅವರಿಗೆ ಸಲ್ಲಬೇಕಾದದ್ದು.

ಪ್ರಶ್ನೆ: ವಿಡಿಯೋ ಕಾಲ್ ಆದರೂ ನಮ್ಮ ಕಾಲದ್ದೇ ತಾನೇ?

ಉತ್ತರ: ಬಳಕೆ ನಮ್ಮ ಕಾಲದ್ದು, ಕನಸು ಹಳೆಯದು. 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ‘ಪಿಕ್ಚರ್‌ಫೋನ್’ ಜನರಿಗೆ ಕಾಣಿಸಿತು. 1970ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇವೆ ಶುರುವಾಯಿತು, ಕೊಂಡವರು ಬಹಳ ಕಡಿಮೆ. ಅದಕ್ಕೂ ಎಷ್ಟೋ ಮೊದಲು, ಬೆಲ್ ಅವರ ಟೆಲಿಫೋನ್ ಪೇಟೆಂಟ್ (1876) ಬಂದು ಮೂರು ವರ್ಷವೂ ತುಂಬದಿದ್ದಾಗ, ಜಾರ್ಜ್ ಡು ಮೊರಿಯೇ ಲಂಡನ್ನಿನ ‘ಪಂಚ್’ ಪತ್ರಿಕೆಯ 1879ರ ವಾರ್ಷಿಕಕ್ಕೆ ಒಂದು ಚಿತ್ರ ಬರೆದರು. ರಾತ್ರಿ ಮಲಗುವ ಮುಂಚೆ ತಂದೆ ತಾಯಿ ಅಗ್ಗಿಷ್ಟಿಕೆಯ ಮೇಲಿನ ಅಗಲವಾದ ಪರದೆಯ ಮುಂದೆ ಕೂತಿದ್ದಾರೆ. ಪರದೆಯಲ್ಲಿ ಸಿಲೋನ್, ಅಂದರೆ ಇಂದಿನ ಶ್ರೀಲಂಕಾ. ಅಲ್ಲಿ ಹಗಲು, ಟೆನಿಸ್ ಆಟ ನಡೆಯುತ್ತಿದೆ. ಅಪ್ಪ ಮಗಳನ್ನು ಇನ್ನೂ ಹತ್ತಿರ ಬಾ ಅನ್ನುತ್ತಾನೆ, ಪಿಸುಮಾತಿನಲ್ಲಿ ಏನೋ ಕೇಳಬೇಕಂತೆ. ಅಣ್ಣನ ಜೊತೆ ಆಡುತ್ತಿರುವ ಆ ಹುಡುಗಿ ಯಾರು ಅಂತ!